ನಮ್ಮ ಕಡೆಯವರ ಸಾಕ್ಷಿ

ಫೆಬ್ರವರಿ ೩, ೧೯೭೭, ಗುರುವಾರ

ಇವತ್ತು ಟೌನ್‌ಶಿಪ್ ಆಫೀಸಿನಿಂದ, ಅಂದರೆ ಇಲ್ಲಿಯ ಪುರಸಭೆಯಿಂದ, ಇನ್‌ಸ್ಪೆಕ್ಟರ್ ಒಬ್ಬ ಬಂದಿದ್ದ. ಟೊಪ್ಪಿಗೆಯನ್ನೂ ತೆಗೆಯದೆ ನನ್ನ ಕೋಣೆಯ ನಡುವೆ ನಿಂತು, ಇಲ್ಲಿ ಗಂಡಸರಿಗೆ ಏನೇನು ಮಾಡುತ್ತೀ ಎಂದು ಕೇಳಿದ.

ಮೇಜಿನ ಮೇಲೆ ಎರಡು ತಿಂಗಳ ಕೂಸು ಮಲಗಿತ್ತು. ಮೈತುಂಬ ಎಣ್ಣೆ. ಪಕ್ಕದಲ್ಲಿ ಅದರ ತಾಯಿ, ಎಡಿಸನ್ ಊರಿನ ಗುಜರಾತಿ ಹುಡುಗಿ, ಹೆದರಿ ಸೆರಗು ಎಳೆದುಕೊಂಡಳು. ಎಲ್ಲಿದ್ದಾನೆ ಗಂಡಸು? ಕಣ್ಣಿಲ್ಲವೇ ಇವನಿಗೆ? ಕೂಸು ಗಂಡು, ನಿಜ. ಅದನ್ನೇ ಬರೆದುಕೋ ಎಂದೆ. ಅವನಿಗೆ ನಗು ಬರಲಿಲ್ಲ.

ಅಮೆರಿಕದ ಈ ಊರಲ್ಲಿ ಹೊಸ ಕಾನೂನು ಬಂದಿದೆಯಂತೆ. ಹೈವೇ ಪಕ್ಕ ಕಿಟಕಿಗೆ ಕಪ್ಪು ಬಣ್ಣ ಬಳಿದು, ಕೆಂಪು ದೀಪ ಹಚ್ಚಿಕೊಂಡು ಕೂತ ಮಸಾಜ್ ಪಾರ್ಲರುಗಳಿಗಾಗಿ ಮಾಡಿದ್ದು. ಕೈಯಿಂದ ಇನ್ನೊಬ್ಬರ ಮೈ ತಿಕ್ಕಿ ದುಡಿಯುವವರೆಲ್ಲ ಅದರೊಳಗೆ. ಡಾಕ್ಟರಿಗೆ ವಿನಾಯಿತಿ, ಕ್ಷೌರದವನಿಗೂ ವಿನಾಯಿತಿ. ಬಾಣಂತಿಗೆ ಎರೆಯುವವಳಿಗಿಲ್ಲ. ಪೊಲೀಸರು ನನ್ನ ಪೂರ್ವಾಪರ ತನಿಖೆ ಮಾಡಬೇಕು, ನನ್ನ ನಡತೆ ಒಳ್ಳೆಯದೆಂದು ಹೇಳಬೇಕು, ಆಮೇಲೆ ಲೈಸೆನ್ಸ್. ಇಲ್ಲದಿದ್ದರೆ ಕೋಣೆಗೆ ಬೀಗ. ಮನೆಮನೆಗೆ ಹೋಗಿ ಮಾಡಿದರೂ ಅಪರಾಧ.

ಹುಬ್ಬಳ್ಳಿಯಲ್ಲಿ ನಾನು ತರಬೇತಿ ಪಡೆದ ನರ್ಸು. ಎಷ್ಟು ಹೆರಿಗೆ ಮಾಡಿಸಿದ್ದೇನೋ ಲೆಕ್ಕವಿಟ್ಟಿಲ್ಲ. ಇಲ್ಲಿ ಆ ಸರ್ಟಿಫಿಕೇಟಿಗೆ ಕಿಮ್ಮತ್ತಿಲ್ಲ. ಮುದುಕರ ಆಶ್ರಮದಲ್ಲಿ ಹಾಸಿಗೆ ಬದಲಿಸುವ ಕೆಲಸ ಕೊಟ್ಟರು. ಮೂರು ವರ್ಷ ಅದನ್ನು ಮಾಡಿ, ಈ ಡ್ರೈ ಕ್ಲೀನರ್ ಪಕ್ಕದ ಕೋಣೆ ಹಿಡಿದೆ. ಅವನ ಬಾಯ್ಲರಿನ ಗೋಡೆ ನಮಗಿಬ್ಬರಿಗೂ ಒಂದೇ. ಈ ಚಳಿಗಾಲ ಕಟ್ಟಡ ಕಾಯಿಸುವ ಗ್ಯಾಸಿಲ್ಲದೆ ಶಾಲೆಗಳೇ ಮುಚ್ಚಿರುವಾಗ ನನ್ನ ಕೋಣೆ ಬೆಚ್ಚಗಿತ್ತು. ತಾಯಿ ಹತ್ತಿರವಿಲ್ಲದ ಹುಡುಗಿಯರು ಇಲ್ಲಿಗೆ ಬಂದು ಸೊಂಟಕ್ಕೆ ಬಿಸಿನೀರು ಹೊಯ್ಯಿಸಿಕೊಂಡು, ಅತ್ತು, ನಕ್ಕು ಹೋಗುತ್ತಿದ್ದರು.

ಆ ಪಾರ್ಲರಿನ ಹೆಂಗಸರ ಸಾಲಿಗೆ ನನ್ನನ್ನು ಸೇರಿಸುತ್ತಾರೆ. ಆ ಹೆಂಗಸರ ಸಾಲಿಗೆ.

ಫೆಬ್ರವರಿ ೯

ಪೊಲೀಸ್ ಠಾಣೆಗೆ ಹೋಗಿದ್ದೆ. ಒಂದು ಬೆಂಚು. ಅದರ ಮೇಲೆ ಹೈವೇಯ ಹೆಂಗಸೊಬ್ಬಳು ಕಾಲ ಮೇಲೆ ಕಾಲು ಹಾಕಿ ಚ್ಯೂಯಿಂಗ್ ಗಮ್ ಜಗಿಯುತ್ತಿದ್ದಳು. ನಲವತ್ತು ದಾಟಿರಬೇಕು, ಕೂದಲಿಗೆ ಬಣ್ಣ. ಸರಿದು ಜಾಗ ಮಾಡಿ, ಕೂತ್ಕೊ ಹನಿ, ಅವರು ಬೇಗ ಕರೆಯೋದಿಲ್ಲ ಅಂದಳು. ನಾನು ಗೋಡೆಗೆ ಒರಗಿ ನಿಂತೆ. ಎಷ್ಟು ಹೊತ್ತಾದರೂ ನಿಂತೇ ಇದ್ದೆ. ಕಾಲು ನೋಯುತ್ತಿವೆ, ನೋಯಲಿ.

ಸಾರ್ಜೆಂಟ್ ಕೇಳಿದ್ದು: ಐದು ವರ್ಷ ಎಲ್ಲೆಲ್ಲಿ ಇದ್ದೆ, ಎತ್ತರ, ತೂಕ, ಹಿಂದಿನ ಕೆಲಸ, ಯಾರು ಯಾಕೆ ತೆಗೆದುಹಾಕಿದರು. ಲೈಂಗಿಕ ರೋಗವಿಲ್ಲವೆಂದು ಡಾಕ್ಟರ ಚೀಟಿ. ಹತ್ತು ಬೆರಳ ಗುರುತು. ನಡತೆಗೆ ಸಾಕ್ಷಿ ಹೇಳಬಲ್ಲ ಮೂವರು ಮರ್ಯಾದಸ್ಥರ ಹೆಸರು. ಅವರ ಮನೆಗೆ ಇವನೇ ಹೋಗಿ ವಿಚಾರಿಸುತ್ತಾನೆ.

ನಾನು ಆ ಥರದವಳಲ್ಲ ಎಂದೆ. ತಲೆಯೆತ್ತದೆ, ಎಲ್ಲರೂ ಹಾಗೇ ಹೇಳುತ್ತಾರೆ ಮೇಡಂ ಅಂದ. ಬೆಂಚಿನ ಮೇಲಿದ್ದವಳು ನಕ್ಕಳು. ಅವಳ ನಗು ಕೇಳಿ ಮೈ ಉರಿಯಿತು.

ಫೆಬ್ರವರಿ ೧೦

ಗಂಡ ಅಮರೇಶ್ವರನಿಗೆ ಹೇಳಿದೆ. ಅವನಿಗೆ ಪಿಸ್ಕಾಟವೇಯ ಯೂನಿವರ್ಸಿಟಿ ಲ್ಯಾಬಿನಲ್ಲಿ ಕೆಲಸ. ಜಗತ್ತಿನಲ್ಲಿ ಅವನು ಬಯಸುವುದು ಒಂದೇ, ಯಾರೂ ತನ್ನನ್ನು ಏನೂ ಕೇಳಬಾರದು. ಬೆರಳಿನ ಗುರುತು ಅಂದ ಕೂಡಲೇ ಕೈಯೊಳಗಿನ ತುತ್ತು ತಾಟಿಗೆ ಹಾಕಿದ.

“ಬೋರ್ಡ ತಗದು ಹಾಕು, ದುರ್ಗಾ. ಯಾಕ ಬೇಕು ನಮಗ? ಇಲ್ಲಿ ನಾವು ಯಾರಂತ ಯಾರಿಗೂ ಗೊತ್ತಿಲ್ಲ. ಹಂಗ ಇರ್ಲಿ.”

“ನಾವು ಯಾರು?” ಅಂದೆ. ಎದ್ದು ಹೋದ.

ನಾವು ಯಾರು ಎಂಬುದನ್ನು ನಾನು ಎಲ್ಲೂ ಬರೆದಿಲ್ಲ. ಇಲ್ಲಿ ಬರೆಯುತ್ತೇನೆ, ಇದನ್ನು ಯಾರು ಓದುತ್ತಾರೆ? ನಾವು ಕೊರಮರು, ಬುಟ್ಟಿ ಹೆಣೆಯುವವರು. ಹುಟ್ಟಿನಿಂದಲೇ ಕಳ್ಳರು ಎಂದು ಬ್ರಿಟಿಷರು ಕಾನೂನು ಮಾಡಿ ಬರೆದಿಟ್ಟ ಜಾತಿಗಳಲ್ಲಿ ನಮ್ಮದೂ ಒಂದು. ಕದಿಯಬೇಕಿಲ್ಲ, ಹುಟ್ಟಿದರೆ ಸಾಕು. ಹುಬ್ಬಳ್ಳಿಯಲ್ಲಿ ನಮ್ಮನ್ನು ತಂತಿಬೇಲಿಯೊಳಗೆ ಇಟ್ಟಿದ್ದರು, ಸೆಟ್ಲ್‌ಮೆಂಟ್ ಅಂತ ಅದಕ್ಕೆ ಹೆಸರು. ಅಪ್ಪ ಮಿಲ್ಲಿಗೆ ಹೋಗಬೇಕಾದರೆ ಪಾಸು, ಬಂದರೆ ಹಾಜರಿ, ಸಂಶಯ ಬಂದರೆ ಬೆರಳು. ದೇಶಕ್ಕೆ ಸ್ವಾತಂತ್ರ್ಯ ಬಂದು ಮಂದಿ ಪೇಡೆ ಹಂಚಿದ ಮೇಲೂ ನಮ್ಮ ಬೇಲಿ ವರ್ಷಗಟ್ಟಲೆ ಇತ್ತು. ಅದನ್ನು ಕಿತ್ತಾಗ ನಾನು ಒಂಬತ್ತು ವರ್ಷದವಳು. ಕಿತ್ತ ತಂತಿಯನ್ನು ಯಾರಾದರೂ ಕದ್ದಾರೆಂದು ಪೊಲೀಸರು ಕಾವಲಿದ್ದರು.

ಬೋರ್ಡು ತೆಗೆಯುವುದಿಲ್ಲ.

ಫೆಬ್ರವರಿ ೧೭

ಬೆರಳು ಕೊಟ್ಟೆ. ಗ್ರೀನ್ ಕಾರ್ಡಿಗೂ ಕೊಟ್ಟಿದ್ದೆ, ಆದರೆ ಅಲ್ಲಿ ಡಾಕ್ಟರರೂ ಇಂಜಿನಿಯರರೂ ನನ್ನ ಹಿಂದೆ ಮುಂದೆ ಸಾಲಿನಲ್ಲಿದ್ದರು. ಇದು ಬೇರೆ. ಇಲ್ಲಿ ನನ್ನ ಹಿಂದಿದ್ದವಳು ಅಂದು ಬೆಂಚಿನ ಮೇಲಿದ್ದ ಅವಳೇ, ಡೋರೀನ್ ಎಂದೇನೋ ಹೆಸರು. ‘ವೀನಸ್’ ಅಂತ ಪಾರ್ಲರು ಇಟ್ಟಿದ್ದಾಳಂತೆ.

ಸಾರ್ಜೆಂಟ್ ನನ್ನ ಕೈ ಹಿಡಿದು ಒಂದೊಂದೇ ಬೆರಳು ಉರುಳಿಸಿದ. ಅಪ್ಪ ಹೇಳುತ್ತಿದ್ದ: ಬಿಗಿ ಹಿಡಿದರೆ ಮಸಿ ಚೆದುರುತ್ತದೆ, ಮತ್ತೆ ಮತ್ತೆ ಹಾಕಿಸುತ್ತಾರೆ, ಸತ್ತ ಹಾವಿನಂತೆ ಕೈ ಬಿಡು. ಬಿಟ್ಟೆ. ಸಾರ್ಜೆಂಟ್ ನಿಲ್ಲಿಸಿ ನನ್ನ ಮುಖ ನೋಡಿದ. ಇದು ಅಭ್ಯಾಸವಿದ್ದವರ ಕೈ, ಎಲ್ಲಿ ಕಲಿತೆ ಎಂದ. ಗ್ರೀನ್ ಕಾರ್ಡಿಗೆ ಅಂದೆ. ಅಲ್ಲ, ಅವರೆಲ್ಲ ಬೆರಳು ಸೆಟೆದುಕೊಂಡಿರುತ್ತಾರೆ ಅಂದ. ಏನೋ ಬರೆದುಕೊಂಡ.

ಹೊರಗೆ ಅವಳು ಪರ್ಸಿನಿಂದ ಕೋಲ್ಡ್ ಕ್ರೀಮಿನ ಡಬ್ಬಿ ತೆಗೆದು ಚಾಚಿದಳು, ಸೋಪಿಗೆ ಮಸಿ ಹೋಗುವುದಿಲ್ಲವಂತೆ. ಬೇಡ ಎಂದೆ. ಅವಳ ಡಬ್ಬಿಗೆ ಬೆರಳು ಅದ್ದುವಷ್ಟು ಗತಿಗೆಟ್ಟಿಲ್ಲ.

ಸೋಪಿಗೆ ಹೋಗಲಿಲ್ಲ.

ಮಾರ್ಚ್ ೫, ಶನಿವಾರ

ಮೂರು ಹೆಸರು ಬೇಕು. ಒಂದು, ಡ್ರೈ ಕ್ಲೀನರ್ ಮುದುಕ. ಎರಡು, ಇದೇ ಊರಿನ ರಮಾಮಣಿ, ಮೈಸೂರಿನವಳು, ಈಗ ಎರಡನೆಯ ಬಸುರಿ. ಅವಳ ಮೊದಲ ಮಗು ನನ್ನ ಕಾಲ ಮೇಲೆಯೇ ಬೆಳೆದದ್ದು.

ಮೂರನೆಯದಕ್ಕೆ ಅಮರೇಶ್ವರ ಬೆಂಗಳೂರಿನ ಕಡೆಯ ಒಂದಿಬ್ಬರ ಹೆಸರು ಹೇಳಿದ. ಅವರಿಗೆ ನಮ್ಮ ಕಡೆಯ ಸುದ್ದಿ ಗೊತ್ತಾಗುವುದಿಲ್ಲ, ಅವರೇ ಒಳ್ಳೆಯವರು ಎಂದ. ನನಗೆ ಹಿಡಿಸಲಿಲ್ಲ. ಪೊಲೀಸರ ಎದುರು ನನ್ನ ಪರವಾಗಿ ನಿಲ್ಲುವವರು ನಮ್ಮ ಕಡೆಯವರಾಗಿರಬೇಕು. ದಿವಾಕರ ಇದ್ದಾನಲ್ಲ, ಧಾರವಾಡದವನು, ಟೆಲಿಫೋನ್ ಕಂಪನಿಯ ಇಂಜಿನಿಯರ್. ಅವನ ಹೆಂಡತಿ ಮಂಜರಿಯ ಬಾಣಂತನ ಪೂರ್ತಿ ಮಾಡಿದ್ದೇನೆ. ಅವನು ‘ಬರ್ರಿ ಬಾಯಾರ, ಚಹಾ ಕುಡೀರಿ’ ಅಂದರೆ ಈ ಹಾಳು ಹಿಮದಲ್ಲಿ ಹುಬ್ಬಳ್ಳಿ ಸ್ಟೇಷನ್ ಇಳಿದಂತಾಗುತ್ತದೆ.

ಮಧ್ಯಾಹ್ನ ಓಲ್ಡ್ ಬ್ರಿಡ್ಜ್ ಊರಿನ ಅವನ ಮನೆಗೆ ಹೋದೆವು. ಖುಷಿಯಿಂದ ಒಪ್ಪಿದ. ರಮಾಮಣಿಯೂ ಬಂದಿದ್ದಳು. ಮಾತಿಗೆ ಮಾತು ಬಂತು, ಊರು ಬಂತು. ನಮ್ಮ ಮಂದಿಗೆ ಊರೊಂದನ್ನೇ ಕೇಳಿ ಗೊತ್ತಿಲ್ಲ. ಯಾವ ಓಣಿ, ಯಾವ ಸಾಲಿ, ಯಾರ ಪೈಕಿ. ಯಾವಾಗಲೂ ಸ್ಟೇಷನ್ ಹತ್ತಿರ ಎಂದು ಹೇಳಿ ದಾಟಿಸುತ್ತೇನೆ. ಇವತ್ತು ಅವನ ಮಾತಿನ ಸುಖಕ್ಕೆ ಮೈಮರೆತು, ಓದಿದ್ದು ಸೆಟ್ಲ್‌ಮೆಂಟ್ ಸಾಲಿ ಅಂದುಬಿಟ್ಟೆ.

ದಿವಾಕರ ಚಹಾದ ಬಸಿ ಕೆಳಗಿಟ್ಟ. ಅಮರೇಶ್ವರ ಕಿಟಕಿಯ ಕಡೆ ತಿರುಗಿದ. ರಮಾಮಣಿ ಮಾತ್ರ, “ಸೆಟ್ಲ್‌ಮೆಂಟ್ ಅಂದ್ರೆ ಏನ್ರೀ? ನಮ್ಮ ಜಯಲಕ್ಷ್ಮೀಪುರಂ ಎಕ್ಸ್‌ಟೆನ್ಷನ್ ಥರಾನಾ?” ಎಂದು ಕೇಳಿದಳು.

ಇರಲಿ. ದಿವಾಕರ ಓದಿದವನು. ನಮ್ಮ ಕಡೆಯವನು.

ಮಾರ್ಚ್ ೨೬, ಶನಿವಾರ

ಯುಗಾದಿ ಊಟ. ಓಲ್ಡ್ ಬ್ರಿಡ್ಜಿನ ಶಾಲೆಯೊಂದರ ಹಾಲ್ ಹಿಡಿದಿದ್ದರು. ಗಂಡಸರಿಗೆಲ್ಲ ಒಂದೇ ಮಾತು. ಎಮರ್ಜೆನ್ಸಿ ಹೋಯಿತು, ಜನ ಗೆದ್ದರು, ಪೊಲೀಸರು ಹೇಳಿದ್ದೇ ಕಾನೂನು ಎಂಬ ಕಾಲ ಮುಗಿಯಿತು. ಒಬ್ಬ ಎದ್ದು ನಿಂತು ಭಾಷಣವನ್ನೇ ಮಾಡಿದ. ಚಪ್ಪಾಳೆಯೋ ಚಪ್ಪಾಳೆ.

ಮಂಜರಿಯ ಕೂಸು ನನ್ನನ್ನು ಕಂಡು ಕೈ ಚಾಚಿತು. ಎತ್ತಿಕೊಳ್ಳಲು ಬಗ್ಗಿದೆ. ಮಂಜರಿ ಅದನ್ನು ಇನ್ನೊಂದು ಹೆಗಲಿಗೆ ಬದಲಿಸಿ, ನಿದ್ದೆ ಬಂದದ ಅಂದಳು. ಕೂಸು ಬಾಯಿಬಿಟ್ಟು ಅತ್ತಿತು. ಆಮೇಲೆ ಗಮನಿಸಿದೆ, ಕುರ್ಚಿಗಳ ಮೇಲೆ ಎಸೆದಿದ್ದ ಪರ್ಸುಗಳು ಒಂದೊಂದಾಗಿ ಮಡಿಲಿಗೆ ಹೋಗುತ್ತಿದ್ದವು. ಅವರಿಗೇ ಗೊತ್ತಿಲ್ಲದಂತೆ. ರೇಷ್ಮೆ ಸೀರೆಯ ಮೇಲೆ ಪರ್ಸುಗಳು, ಪರ್ಸುಗಳ ಮೇಲೆ ಕೈಗಳು.

ದಿವಾಕರನನ್ನು ಕೋಟು ತೂಗುಹಾಕುವ ಮೂಲೆಯಲ್ಲಿ ಹಿಡಿದು ಏನಾಯಿತೆಂದು ಕೇಳಿದೆ. ನಾಚಲಿಲ್ಲ.

“ನೋಡ್ರಿ ಬಾಯಾರ, ಆ ಸಾರ್ಜೆಂಟ್ ಮನೀಗೆ ಬಂದಿದ್ದ. ಬ್ಯಾಕ್‌ಗ್ರೌಂಡ್ ಏನು ಅಂತ ಕೇಳಿದ, ನಾ ಇದ್ದದ್ದು ಹೇಳೀನಿ. ಪೊಲೀಸರ ಮುಂದ ಸುಳ್ಳ ಹೇಳಲಿಕ್ಕೆ ಆಗ್ತದೇನು? ನಿಮ್ಮ ಮ್ಯಾಲೆ ನನಗೇನೂ ಸಿಟ್ಟಿಲ್ಲ.”

“ಏನಂತ ಹೇಳಿದ್ರಿ?”

“ನಿಮ್ಮ ಸಮಾಜ ಪೊಲೀಸ್ ರಿಜಿಸ್ಟರಿನ್ಯಾಗ ಇತ್ತು ಅಂತ. ಕ್ರಿಮಿನಲ್ ಟ್ರೈಬ್ ಅಂತ ಗೌರ್ಮೆಂಟೇ ಹೆಸರ ಇಟ್ಟಿತ್ತಲ್ಲ, ನಾ ಇಟ್ಟದ್ದಲ್ಲ.”

“ನಿಮ್ಮ ಮನ್ಯಾಗ ಬಾಣಂತನ ಮುಗಿಯೂತನಕ ಅಡ್ಡಾಡೀನಿ. ಏನ್ ಕದ್ದೆ, ಹೇಳ್ರಿ.”

“ಹಂಗಲ್ಲ,” ಎಂದು ನಕ್ಕ. “ಒಳ್ಳೇ ಕೆಲಸ ಮಾಡೀರಿ. ಅದನ್ನೂ ಹೇಳೀನಿ.”

ಅದನ್ನೂ ಹೇಳಿದ್ದಾನಂತೆ, ಧರ್ಮರಾಯ.

ಇಪ್ಪತ್ತೊಂದು ತಿಂಗಳ ಎಮರ್ಜೆನ್ಸಿ ಮುಗಿಯಿತೆಂದು ಇವರು ಪಾಯಸ ಉಂಡರು. ನಮ್ಮ ಎಮರ್ಜೆನ್ಸಿ ಅಜ್ಜನ ಕಾಲದಿಂದ ಇತ್ತು. ಅದು ಮುಗಿದ ದಿನ ಯಾರ ಮನೆಯಲ್ಲಿ ಪಾಯಸ ಮಾಡಿದ್ದರು? ಯಾವ ಹಾಲಿನಲ್ಲಿ ಚಪ್ಪಾಳೆ ತಟ್ಟಿದ್ದರು? ಸಾವಿರಾರು ಮೈಲಿ ಸಮುದ್ರ ದಾಟಿ ಬಂದವರು ಹಪ್ಪಳ ಸಂಡಿಗೆ ತಂದಂತೆ ಆ ರಿಜಿಸ್ಟರನ್ನೂ ಗಂಟಿನಲ್ಲಿ ಕಟ್ಟಿ ತಂದಿದ್ದಾರೆ. ಅಮೆರಿಕದ ಸಾರ್ಜೆಂಟಿಗೆ ಗೊತ್ತಿರಲಿಲ್ಲ, ಪಾಠ ಹೇಳಿಕೊಟ್ಟರು.

ಮಾರ್ಚ್ ೨೯

ಅಮರೇಶ್ವರ ಉಂಡಿಲ್ಲ. ನನಗೂ ಬರೆಯಲು ಏನಿಲ್ಲ.

ಏಪ್ರಿಲ್ ೧೨

ಸಾರ್ಜೆಂಟ್ ಕರೆಸಿದ್ದ. ಲೈಸೆನ್ಸ್ ಕೊಡಬಾರದೆಂದು ಬರೆದಿದ್ದಾನೆ. ಕಾರಣ, ಕುಟುಂಬಕ್ಕೆ ಅಪರಾಧಿ ಸಂಘಟನೆಯ ಸಂಬಂಧ. ಸಂಘಟನೆಯಂತೆ. ಟಿ.ವಿ.ಯಲ್ಲಿ ಬರುವ ಇಟಲಿಯ ಮಾಫಿಯಾದ ಹಾಗೆ ತಿಳಿದಿದ್ದಾನೆ. ನನ್ನಪ್ಪ ಬುಟ್ಟಿ ಹೆಣೆಯುತ್ತಿದ್ದ, ಹತ್ತಿಗಿರಣಿಯಲ್ಲಿ ಕೆಮ್ಮಿ ಕೆಮ್ಮಿ ಸತ್ತ ಎಂದೆ. ಅವನು ಜೈಲಿಗೆ ಹೋಗಿದ್ದನೇ ಎಂದು ಕೇಳಿದ. ಜೈಲಿನಲ್ಲಿಯೇ ಹುಟ್ಟಿದ್ದ ಎಂದೆ. ಬರೆದುಕೊಂಡ.

ಮೇ ತಿಂಗಳಲ್ಲಿ ಟೌನ್‌ಶಿಪ್ ಕೌನ್ಸಿಲ್ ಮುಂದೆ ಹೇಳಿಕೊಳ್ಳಬಹುದು.

ಹೊರಗೆ ಬೆಂಚಿನ ಮೇಲೆ ಡೋರೀನ್ ಇದ್ದಳು. ಕೂತೆ, ಕಾಲು ಸೋತಿದ್ದವು. ಅವಳಿಗೂ ಇಲ್ಲವೆಂದಿದ್ದಾರೆ. ಹತ್ತೊಂಬತ್ತರ ವಯಸ್ಸಿನಲ್ಲಿ ನ್ಯೂಅರ್ಕಿನ ಹೋಟೆಲೊಂದರಲ್ಲಿ ಪೊಲೀಸರು ಹಿಡಿದಿದ್ದರಂತೆ. ಇಪ್ಪತ್ತೈದು ವರ್ಷ ಹಿಂದಿನ ಮಾತು. ಅವಳ ಜೊತೆಗಿದ್ದ ಗಂಡಸನ್ನು ಬಿಟ್ಟುಬಿಟ್ಟರು. ಅವನು ಈಗ ಚರ್ಚಿನಲ್ಲಿ ತಟ್ಟೆ ಹಿಡಿದು ಕಾಣಿಕೆ ಎತ್ತುತ್ತಾನೆ ಎಂದಳು. ನನಗೆ ನಗು ಬಂತು.

ಏಪ್ರಿಲ್ ೨೦

ಗುಜರಾತಿ ಹುಡುಗಿ ಬರುವುದಿಲ್ಲ. ಅವಳವರೆಗೂ ಸುದ್ದಿ ಮುಟ್ಟಿದೆ. ತೀರ್ಪಿನವರೆಗೆ ಕೋಣೆ ತೆರೆಯಬಹುದು, ತೆರೆದಿದ್ದೇನೆ. ನೊಣ ಹೊಡೆಯಲು ನೊಣವೂ ಇಲ್ಲ.

ಡೋರೀನ್ ಬಂದಳು. ಸೊಂಟ ಹಿಡಿದುಕೊಂಡಿತ್ತು, ಬಾಗಿಲಲ್ಲಿಯೇ ಬಾಗಿ ನಿಂತಳು. ಮಲಗು ಎಂದೆ. ಬಾಣಂತಿಯರಿಗೆ ಹಾಕುವ ಎಣ್ಣೆಯನ್ನೇ ಬಿಸಿ ಮಾಡಿ ಹಚ್ಚಿದೆ. ಬೆನ್ನು ಕಲ್ಲಾಗಿತ್ತು. ದಿನವಿಡೀ ನಿಂತು ಇನ್ನೊಬ್ಬರ ಮೈ ತಿಕ್ಕುವವರ ಬೆನ್ನು, ನನಗೆ ಗೊತ್ತಿಲ್ಲವೇ. ತಿಕ್ಕುವಾಗ ಅವಳು ಹೇಳುತ್ತಾ ಹೋದಳು. ಸಾರ್ಜೆಂಟ್ ಅವಳೊಡನೆ ಈವರೆಗೆ ಇದ್ದ ಗಂಡಸರ ಹೆಸರು ಕೇಳಿದನಂತೆ, ವರ್ಷವಾರು. ನಿನ್ನನ್ನು ಅಪ್ಪನ ಬಗ್ಗೆ ಕೇಳಿದ, ನನ್ನನ್ನು ಗಂಡಸರ ಬಗ್ಗೆ ಕೇಳಿದ, ನಾವು ಏನು ಮಾಡುತ್ತೇವೆ ಅಂತ ಇಬ್ಬರನ್ನೂ ಕೇಳಲಿಲ್ಲ ನೋಡು ಅಂದಳು.

ನಿನ್ನ ಪಾರ್ಲರಿನಲ್ಲಿ ಏನು ಮಾಡುತ್ತೀ ಎಂದು ನಾನೂ ಕೇಳಲಿಲ್ಲ. ಕೇಳಬೇಕೆಂದು ಅನಿಸಲೂ ಇಲ್ಲ. ಚಹಾ ಮಾಡಿಕೊಟ್ಟೆ. ಏಲಕ್ಕಿ ಜಾಸ್ತಿಯಾಯಿತೆಂದು ಬೈದು, ಇನ್ನೊಂದು ಕಪ್ಪು ಕೇಳಿದಳು.

ಮೇ ೮, ಭಾನುವಾರ

ರಮಾಮಣಿಗೆ ಹೆಣ್ಣುಮಗು. ಆಸ್ಪತ್ರೆಯಿಂದಲೇ ಫೋನ್ ಮಾಡಿದಳು. ಮಂಗಳವಾರ ವಿಚಾರಣೆಗೆ ಬರಲಾಗುವುದಿಲ್ಲ, ಬರೆದು ಕಳಿಸಿದ್ದೀನಿ ಎಂದಳು. ಆಮೇಲೆ ದನಿ ತಗ್ಗಿಸಿ, “ದುರ್ಗಾ, ನಂಗೆ ಎಲ್ಲಾ ಹೇಳಿದ್ರು ಕಣ್ರೀ. ನಮ್ಮನೇವ್ರು ಸೂರ್ಯನಾರಾಯಣ ಸ್ವಲ್ಪ ಹೆದರಿದಾರೆ. ನಂಗೆ ಅರ್ಥವೇ ಆಗ್ಲಿಲ್ಲ, ಬುಟ್ಟಿ ಹೆಣೆಯೋರಿಗೆ ಬೇಲಿ ಯಾಕೆ?” ಅಂದಳು.

ಮೊದಲ ಬಾರಿಗೆ ಯಾರೋ ಸರಿಯಾದ ಪ್ರಶ್ನೆ ಕೇಳಿದರು.

ಮೇ ೧೦, ಮಂಗಳವಾರ

ಎಲ್ಲವನ್ನೂ ಬರೆಯುತ್ತೇನೆ, ಕೈ ಇನ್ನೂ ಬಿಸಿ ಇದೆ.

ಸಭೆಗೆ ಮೊದಲು ಟೌನ್‌ಶಿಪ್ ವಕೀಲ ನನ್ನನ್ನು ಕಾರಿಡಾರಿಗೆ ಕರೆದ. ಸಭ್ಯ ಮನುಷ್ಯ, ಮೆದು ಮಾತು. ರಮಾಮಣಿಯ ಪತ್ರ ಒಳ್ಳೆಯದಿದೆ ಎಂದ. ಆ ಇಂಡಿಯಾದ ವಿಷಯ ಕೌನ್ಸಿಲಿಗೆ ಅರ್ಥವಾಗಿಲ್ಲ, ಬದಿಗಿಡಬಹುದು ಎಂದ. ತಾಯಿ ಮಕ್ಕಳಿಗೆ ಮಾತ್ರ ಎಂದು ಬರೆದು ನಿನಗೆ ಲೈಸೆನ್ಸ್ ಕೊಡಿಸಬಲ್ಲೆ ಎಂದ. ಒಂದೇ ಮಾತು, ಆ ಹೈವೇಯ ಹೆಂಗಸು ನಿನ್ನ ಪರ ಮಾತಾಡಲು ಹೆಸರು ಕೊಟ್ಟಿದ್ದಾಳೆ. ಅವಳನ್ನು ಬೇಡವೆನ್ನು. ನೀನು ಬೇರೆ, ಅವಳು ಬೇರೆ ಎಂದು ಒಂದು ಸಾಲು ಹೇಳು. ಅಷ್ಟೇ.

ಅಷ್ಟೇ. ಫೆಬ್ರವರಿಯಿಂದ ನಾನು ಅದನ್ನೇ ಬಾಯಿ ಹರಿಯುವಂತೆ ಹೇಳಿಕೊಂಡು ಬಂದವಳು.

ಒಳಗೆ ಹೋದೆ. ಐವರು ಕೂತಿದ್ದರು, ಹಿಂದೆ ಧ್ವಜ. ಅಮರೇಶ್ವರ ಕೊನೆಯ ಸಾಲಿನಲ್ಲಿದ್ದ, ಬರುವುದಿಲ್ಲವೆಂದವನು ಬಂದಿದ್ದ. ನಮ್ಮ ಕನ್ನಡದವರು ಇನ್ನೊಬ್ಬರಿಲ್ಲ. ಮೊದಲು ಡೋರೀನ್ ಅರ್ಜಿ, ಎರಡು ನಿಮಿಷದಲ್ಲಿ ತಳ್ಳಿದರು. ಆಮೇಲೆ ನನ್ನದು. ಈ ಅರ್ಜಿದಾರಳ ನಡತೆಯ ಬಗ್ಗೆ ಯಾರಾದರೂ ಮಾತಾಡುವವರಿದ್ದಾರೆಯೇ ಎಂದು ಅಧ್ಯಕ್ಷ ಕೇಳಿದ. ಡೋರೀನ್ ಎದ್ದಳು. ಅಧ್ಯಕ್ಷ ನನ್ನ ಕಡೆ ತಿರುಗಿ, ನಿಮಗೆ ಇವರು ಸಾಕ್ಷಿಯಾಗಬೇಕೆಂಬ ಇಚ್ಛೆ ಇದೆಯೇ, ಯೋಚಿಸಿ ಹೇಳಿ ಎಂದ. ವಕೀಲ ತನ್ನ ಪೆನ್ನನ್ನೇ ನೋಡುತ್ತಿದ್ದ.

“ಆಕೆ ನಮ್ಮ ಕಡೆಯವಳು,” ಎಂದೆ. “ಮಾತಾಡಲಿ.”

ಡೋರೀನ್ ಗಮ್ ಉಗುಳಿ ಕಾಗದದಲ್ಲಿ ಸುತ್ತಿ ಕಿಸೆಗೆ ಹಾಕಿಕೊಂಡಳು.

“ನನ್ನ ದಾಖಲೆ ನೀವು ಓದಿ ಮುಗಿಸಿದ್ದೀರಿ, ಅದನ್ನು ಬಿಡಿ,” ಅಂದಳು. “ಈಕೆ ಮೊದಲ ದಿನ ನನ್ನ ಪಕ್ಕ ಕೂರಲೇ ಇಲ್ಲ. ಒಳ್ಳೆಯ ನಡತೆ ಅಂದರೆ ನಿಮ್ಮ ಲೆಕ್ಕದಲ್ಲಿ ಅದೇ ಅಲ್ಲವಾ? ಅದಕ್ಕೇ ಲೈಸೆನ್ಸ್ ಕೊಟ್ಟುಬಿಡಿ. ನನ್ನ ಲೆಕ್ಕ ಬೇರೆ. ನಾನು ಬಾಗಿಲಲ್ಲಿ ಬಗ್ಗಿ ನಿಂತಿದ್ದೆ, ಈಕೆ ಏನೂ ಕೇಳದೆ ಮಲಗು ಅಂದಳು. ಈ ಕಟ್ಟಡದಲ್ಲಿ ನನಗೆ ಏನೂ ಕೇಳದೆ ಕುರ್ಚಿ ಕೊಟ್ಟವರು ಯಾರಿದ್ದೀರಿ, ಕೈ ಎತ್ತಿ.”

ಯಾರೂ ಎತ್ತಲಿಲ್ಲ. ಆಮೇಲೆ ಎತ್ತಿದರು, ನನಗೆ ಲೈಸೆನ್ಸ್ ಬೇಡವೆಂದು. ಒಬ್ಬ ಮುದುಕಿಯನ್ನು ಬಿಟ್ಟು ನಾಲ್ವರೂ. ಕೈಗಳು ಚೆನ್ನಾಗಿ ತೊಳೆದ ಕೈಗಳು.

ನೀವು ನನ್ನ ಅಪ್ಪನ ವಿಚಾರಣೆ ಮಾಡಿದಿರಿ, ನನ್ನದು ಮಾಡಲಿಲ್ಲ ಎಂದು ಹೇಳಿದೆ. ಇನ್ನೂ ಹೇಳುತ್ತಿದ್ದೆ, ಸಮಯ ಮುಗಿಯಿತೆಂದು ಗಂಟೆ ಬಾರಿಸಿದರು. ಗಂಟೆಯ ಮೇಲೆಯೂ ಹೇಳಿದೆ. ಕನ್ನಡದಲ್ಲಿ ಹೇಳಿದೆನೋ ಇಂಗ್ಲಿಷಿನಲ್ಲೋ ನೆನಪಿಲ್ಲ. ಹೊರಗೆ ಬಂದ ಮೇಲೆ ಡೋರೀನ್ ಏನೋ ಅಂದಳು, ನಾವಿಬ್ಬರೂ ಮೆಟ್ಟಿಲ ಮೇಲೆ ಕೂತು ನಕ್ಕೆವು. ಅಮರೇಶ್ವರ ದೂರ ನಿಂತು ನೋಡುತ್ತಿದ್ದ. ಕೌಂಟಿ ಕೋರ್ಟಿಗೆ ಹೋಗೋಣ, ಬಡವರ ಕೇಸು ಹಿಡಿಯುವ ಹುಡುಗಿ ಲಾಯರೊಬ್ಬಳು ತನಗೆ ಗೊತ್ತು ಎಂದಳು ಡೋರೀನ್. ನಾವು ಹೋಗುತ್ತೇವೆ.

ಮೇ ೧೩

ಬೆಳಿಗ್ಗೆ ಇನ್‌ಸ್ಪೆಕ್ಟರ್ ಕೋಣೆಗೆ ಬೀಗ ಹಾಕಿದ. ಈಗಲೂ ಟೊಪ್ಪಿಗೆ ತೆಗೆಯಲಿಲ್ಲ.

ಮಧ್ಯಾಹ್ನ ರಮಾಮಣಿ ಮನೆಯಿಂದ ಫೋನ್. ಮಗು ಬಿಡದೆ ಅಳುತ್ತಿದೆ, ತನಗೆ ಸೊಂಟ ಎತ್ತಲಾಗುತ್ತಿಲ್ಲ, ಬರಬೇಕು. ಹಿಂದೆಯೇ ಸೂರ್ಯನಾರಾಯಣ ಫೋನ್ ಕಸಿದುಕೊಂಡು, ಬರೋದಾದ್ರೆ ಕತ್ತಲಾದ ಮೇಲೆ ಬನ್ನಿ, ಗ್ಯಾರೇಜಿನ ಬಾಗಿಲು ತೆಗೆದಿಡ್ತೀನಿ, ನಿಮಗೂ ಕಷ್ಟ ನಮಗೂ ಕಷ್ಟ ಎಂದ. ಅವನ ಕೈಯಿಂದ ರಮಾಮಣಿ ಮತ್ತೆ ಕಸಿದುಕೊಂಡದ್ದು ಕೇಳಿಸಿತು. ಈಗಲೇ ಬನ್ನಿ ಎಂದಳು.

ಲೈಸೆನ್ಸ್ ಇಲ್ಲದೆ ಮುಟ್ಟಿದರೆ ಜೈಲು ಎಂದು ತೀರ್ಪಿನಲ್ಲಿ ಬರೆದಿದ್ದಾರೆ. ಬರೆದುಕೊಳ್ಳಲಿ. ಹಸಿಕೂಸು ಅಳುತ್ತಿದ್ದರೆ ಬಾಣಂತಿ ಮನೆಗೆ ಕಳ್ಳಿಯಂತೆ ಕತ್ತಲಲ್ಲಿ ಹೋಗಲು ನಾನೇನು ಕದ್ದಿದ್ದೇನೆ?

ಅಮರೇಶ್ವರ ಲ್ಯಾಬಿನಿಂದ ಬೇಗ ಬಂದಿದ್ದ. ಕಾರಿನ ಬೀಗದ ಕೈ ತೆಗೆದುಕೊಂಡು ಮುಂದೆ ನಡೆದ. ಎಣ್ಣೆಯ ಕ್ಯಾನು ತೊಡೆಯ ಮೇಲೆ ಇಟ್ಟುಕೊಂಡು ಕೂತೆ. ರಮಾಮಣಿಯ ಬೀದಿಯಲ್ಲಿ ಬಿಸಿಲು, ಜನ ಹುಲ್ಲು ಕತ್ತರಿಸುತ್ತಿದ್ದರು, ಮೂಲೆಯಲ್ಲಿ ಪೊಲೀಸ್ ಕಾರೊಂದು ನಿಂತಿತ್ತು. ಅಮರೇಶ್ವರ ಹಿಂದಿನ ರಸ್ತೆಗೆ ಹೋಗಲು ಸ್ಟೀರಿಂಗ್ ತಿರುಗಿಸತೊಡಗಿದ.

ಮನೆಯ ಮುಂದೆಯೇ ನಿಲ್ಲಿಸು ಎಂದೆ. ನಿಲ್ಲಿಸಿದ. ಇಳಿದು ಬಂದು, ನನ್ನ ಬದಿಯ ಬಾಗಿಲನ್ನೂ ತೆಗೆದ.